ಸೋಡಾ ಬೇಡ, ಮಜ್ಜಿಗೆ ಇದ್ದರೆ ಕೊಡಿ

(ನಮ್ಮ ಬಳಗದ ಆರೋಗ್ಯ ದಿನದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗಿಂತ ಮುಂಚೆ ಮಾತನಾಡಿದ ಇಬ್ಬರೂ ಡಾಕ್ಟರುಗಳು. ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಈ ಮೈಕಿನ ಮುಂದೆ ನಿಲ್ಲಲು ನನಗಿರುವ ಅರ್ಹತೆ ಒಂದೇ. ಎರಡು ವರ್ಷದ ಹಿಂದೆ ನಾನು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ನಿಮ್ಮಲ್ಲಿ ಹಲವರು "ಏನಪ್ಪಾ, ಇಷ್ಟು ಇಳಿದುಹೋಗಿದ್ದೀಯ, ಶುಗರಾ?" ಎಂದು ಕೇಳಿದ್ದಿರಿ. ಅದಕ್ಕೆ ಉತ್ತರವನ್ನು ಒಬ್ಬೊಬ್ಬರಿಗೇ ಹೇಳುವ ಬದಲು ಇವತ್ತು ಎಲ್ಲರಿಗೂ ಒಟ್ಟಿಗೆ ಹೇಳುತ್ತಿದ್ದೇನೆ. ಶುಗರ್ ಇತ್ತು, ಈಗ ಮಾತ್ರೆ ಇಲ್ಲದೆ ಹಿಡಿತದಲ್ಲಿದೆ. ಐದು ಅಡಿ ಏಳು ಅಂಗುಲದ ಈ ದೇಹ 112 ಕಿಲೋ ಇತ್ತು, ಈಗ 81.

ಇವತ್ತು ನಾನು ಆರಿಸಿಕೊಂಡಿರುವುದು ಬಹಳ ಸಣ್ಣ ವಿಷಯ. ಈ ಆಪರೇಷನ್ ಆದವರು ಸೋಡಾ, ಕೋಕ್, ಪೆಪ್ಸಿಯಂಥ ಗುಳ್ಳೆ ಬರುವ ಪಾನೀಯ ಕುಡಿಯಬಹುದೇ, ಇಲ್ಲವೇ ಎಂಬುದು. ಇಷ್ಟಕ್ಕೆ ಒಂದು ಭಾಷಣ ಬೇಕೇ ಎನ್ನಬಹುದು. ಆದರೆ ನಮ್ಮ ಯಾವ ಸಮಾರಂಭಕ್ಕೆ ಹೋಗಿ ನೋಡಿ, ಬಾಗಿಲಲ್ಲೇ ಐಸ್ ತುಂಬಿದ ಪೆಟ್ಟಿಗೆ, ಅದರ ತುಂಬ ಸೋಡಾ ಕ್ಯಾನು. ಬಂದವರ ಕೈಗೆ ಒಂದು ಕೊಡುವುದೇ ನಮ್ಮ ಮೊದಲ ಉಪಚಾರ. ಆಪರೇಷನ್ ಆದವನ ಮೊದಲ ಪರೀಕ್ಷೆಯೂ ಅಲ್ಲೇ.

ಮೊದಲು ಆಪರೇಷನ್ ಎಂದರೇನು ಎಂದು ಎರಡು ಮಾತು. ಇಲ್ಲಿ ಅಮೆರಿಕದಲ್ಲಿ ಹೆಚ್ಚಾಗಿ ಮಾಡುವುದು ಎರಡು ಬಗೆ. ಒಂದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಸುಮಾರು ಮುಕ್ಕಾಲಿಗಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆಯಾಗಿ ಬಿಡುತ್ತಾರೆ. ನನಗಾದದ್ದು ಇದು. ಶುರುವಿನಲ್ಲಿ ಆ ಕೊಳವೆ ಹಿಡಿಯುವುದು ಹೆಚ್ಚೆಂದರೆ 100ರಿಂದ 150 ಮಿಲಿಲೀಟರ್, ಅಂದರೆ ಒಂದು ಕಾಫಿ ಲೋಟದಷ್ಟು. ಇನ್ನೊಂದು ಗ್ಯಾಸ್ಟ್ರಿಕ್ ಬೈಪಾಸ್. ಅದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಊಟ ಆ ದಾರಿಯಲ್ಲಿ ಹೋಗುವುದಿಲ್ಲ.

ಯಾರಿಗೆ ಈ ಆಪರೇಷನ್ ಎಂಬ ಪ್ರಶ್ನೆ ನಮ್ಮವರಿಗೆ ಮುಖ್ಯ. 1991ರಲ್ಲಿ ಇಲ್ಲಿ ಮಾಡಿದ ನಿಯಮ ಬಿಎಂಐ 40 ಇರಬೇಕು, ಅಥವಾ 35 ಇದ್ದು ಜೊತೆಗೆ ಕಾಯಿಲೆ ಇರಬೇಕು ಎನ್ನುತ್ತಿತ್ತು. 2022ರಲ್ಲಿ ಸರ್ಜನ್ನರ ಸಂಘಗಳು ಅದನ್ನು ಪರಿಷ್ಕರಿಸಿದವು. ಏಷ್ಯಾದ ಮೂಲದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ, ಅವರಿಗೆ 27.5 ಬಿಎಂಐ ದಾಟಿದರೆ ಆಪರೇಷನ್ ವಿಚಾರ ಮಾಡಬಹುದು ಎಂದು ಹೇಳಿದವು. ಈಗ ತೂಕ ಇಳಿಸುವ ಚುಚ್ಚುಮದ್ದುಗಳೂ ಬಂದಿವೆ. ಯಾವುದು ಯಾರಿಗೆ ಎಂಬುದನ್ನು ನಿಮ್ಮ ಡಾಕ್ಟರ್ ಹೇಳಬೇಕು, ನಾನಲ್ಲ.

ಈಗ ಸೋಡಾಕ್ಕೆ ಬರೋಣ. ಗುಳ್ಳೆ ಬರುವ ನೀರನ್ನು ಮನುಷ್ಯ ಮಾಡಲು ಕಲಿತದ್ದು ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ, 1767ರಲ್ಲಿ. ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ ಬಿಯರ್ ಹುಳಿಯುವ ತೊಟ್ಟಿಯ ಮೇಲೆ ನಿಲ್ಲುವ ಗಾಳಿಯನ್ನು ನೀರಿಗೆ ಬೆರೆಸಿದ. ಆ ಗಾಳಿಯೇ ಇಂಗಾಲದ ಡೈಆಕ್ಸೈಡ್. ನಮ್ಮ ಊರ ಜಾತ್ರೆಯಲ್ಲಿ ಕಟ್ ಎಂದು ಶಬ್ದ ಮಾಡುತ್ತಿದ್ದ ಗೋಲಿ ಸೋಡಾ ಬಾಟಲಿಯೂ ಇಂಗ್ಲೆಂಡಿನದೇ. ಹೈರಮ್ ಕಾಡ್ ಎಂಬಾತ 1872ರಲ್ಲಿ ಪೇಟೆಂಟ್ ಪಡೆದದ್ದು. ಬಾಟಲಿಯ ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೊತ್ತಿ ಬಾಯಿ ಮುಚ್ಚುತ್ತದೆ. ಆ ಒತ್ತಡ ಎಷ್ಟು ಎಂದು ಗೋಲಿಯನ್ನು ಹೆಬ್ಬೆಟ್ಟಿನಿಂದ ಒತ್ತಿದವರಿಗೆ ಗೊತ್ತು.

ಇಂಜಿನಿಯರ್ ಆದ್ದರಿಂದ ಒಂದು ಲೆಕ್ಕ ಮಾಡಿದೆ. 355 ಮಿಲಿಲೀಟರಿನ ಒಂದು ಕೋಲಾ ಕ್ಯಾನಿನಲ್ಲಿ ಕರಗಿರುವ ಗ್ಯಾಸನ್ನೆಲ್ಲ ಹೊರಗೆ ತೆಗೆದರೆ ಅದು ಒಂದು ಲೀಟರಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ದ್ರವ ತಣ್ಣಗಿದ್ದಾಗ, ಒತ್ತಡದಲ್ಲಿದ್ದಾಗ ಗ್ಯಾಸ್ ಅದರೊಳಗೆ ಕರಗಿ ಕೂತಿರುತ್ತದೆ. ಮುಚ್ಚಳ ತೆಗೆದು, 37 ಡಿಗ್ರಿ ಬಿಸಿಯ ಹೊಟ್ಟೆಗೆ ಹಾಕಿದ ಕೂಡಲೆ ಹೊರಗೆ ಬರುತ್ತದೆ. ಸ್ವಲ್ಪ ಲೋಟದಲ್ಲೇ ಹೋಗುತ್ತದೆ, ಸ್ವಲ್ಪ ತೇಗಿನಲ್ಲಿ ಹೋಗುತ್ತದೆ, ಸ್ವಲ್ಪ ರಕ್ತಕ್ಕೆ ಸೇರುತ್ತದೆ. ಮಾಮೂಲಿ ಜಠರ ಬಲೂನಿನಂತೆ ಹಿಗ್ಗಿ ಇದನ್ನು ತಡೆದುಕೊಳ್ಳುತ್ತದೆ. ಹಾಗೆ ಸುಲಭವಾಗಿ ಹಿಗ್ಗುವುದು ಜಠರದ ಮೇಲಿನ ಗುಮ್ಮಟದಂಥ ಭಾಗ. ಸ್ಲೀವ್ ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆಯುವುದೇ ಆ ಭಾಗವನ್ನು! ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಬರುವುದೂ ಅಲ್ಲಿಂದಲೇ, ಆದ್ದರಿಂದ ಅದು ಹೋದರೆ ಹಸಿವೂ ಕಡಿಮೆಯಾಗುತ್ತದೆ. ಉಳಿದಿರುವ ಕೊಳವೆ ಬಿಗಿ. ಅಲ್ಲಿ ಗ್ಯಾಸ್ ತುಂಬಿದರೆ ಎದೆ ಬಿಗಿಯುತ್ತದೆ, ನೋಯುತ್ತದೆ, ವಾಕರಿಕೆ ಬರುತ್ತದೆ, ಆಮ್ಲ ಮೇಲಕ್ಕೆ ಬಂದು ಎದೆ ಉರಿಯುತ್ತದೆ. ಸ್ಲೀವ್ ಆದವರಿಗೆ ಎದೆಯುರಿ ಮೊದಲೇ ಹೆಚ್ಚು. ಸೋಡಾ ಅದರ ಮೇಲೆ ಇನ್ನೊಂದು ಹೊರೆ.

"ಸೋಡಾ ಕುಡಿದರೆ ಕತ್ತರಿಸಿದ ಹೊಟ್ಟೆ ಮತ್ತೆ ದೊಡ್ಡದಾಗುತ್ತದಂತೆ" ಎಂಬ ಮಾತನ್ನು ನೀವು ಕೇಳಿರಬಹುದು. ಸೋಡಾದ ಗ್ಯಾಸಿನಿಂದಲೇ ಜಠರ ಶಾಶ್ವತವಾಗಿ ಹಿಗ್ಗುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಪುರಾವೆ ಇಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಹೆದರಿಸುವುದಕ್ಕೆ ಹೇಳಿದ ಮಾತು ಒಂದು ದಿನ ಸುಳ್ಳೆನಿಸಿದರೆ ಜನ ನಿಜವಾದ ಮಾತನ್ನೂ ಬಿಡುತ್ತಾರೆ. ಒಂದು ಗುಟುಕು ಕುಡಿದು ಏನೂ ಆಗದಿದ್ದವನು "ಎಲ್ಲ ಸುಳ್ಳು" ಎಂದು ಮರುದಿನ ಇಡೀ ಕ್ಯಾನು ಕುಡಿಯುತ್ತಾನೆ. ಹೆಚ್ಚಿನ ಆಸ್ಪತ್ರೆಗಳು ಮೊದಲ ತಿಂಗಳುಗಳಲ್ಲಿ ಖಂಡಿತ ಬೇಡ ಎನ್ನುತ್ತವೆ. ಕೆಲವು ಜೀವನಪೂರ್ತಿ ಬಿಡಿ ಎನ್ನುತ್ತವೆ. ಕೆಲವು, ಗಾಯ ಪೂರ್ತಿ ಮಾಗಿದ ಮೇಲೆ ಸ್ವಲ್ಪ ಕುಡಿದು ನೋಡಬಹುದು ಎನ್ನುತ್ತವೆ. ನಿಮಗೆ ಆಪರೇಷನ್ ಮಾಡಿದವರು ಏನು ಹೇಳಿದ್ದಾರೋ ಅದನ್ನು ಹಿಡಿಯಿರಿ.

ಗ್ಯಾಸಿಗಿಂತ ದೊಡ್ಡ ಶತ್ರು ಸಕ್ಕರೆ. ಆ 355 ಮಿಲಿಲೀಟರಿನ ಕೋಕ್ ಕ್ಯಾನಿನಲ್ಲಿ 39 ಗ್ರಾಂ ಸಕ್ಕರೆ ಇದೆ, 140 ಕ್ಯಾಲೊರಿ. ಟೀ ಚಮಚದಲ್ಲಿ ಅಳೆದರೆ ಒಂಬತ್ತು ಚಮಚಕ್ಕಿಂತ ಹೆಚ್ಚು. ಅನ್ನ, ಚಪಾತಿಯನ್ನು ಪುಟ್ಟ ಜಠರ ತಡೆಯುತ್ತದೆ, ಎರಡು ತುತ್ತಿಗೆ ಸಾಕು ಎನ್ನುತ್ತದೆ. ದ್ರವವನ್ನು ಅದು ತಡೆಯುವುದಿಲ್ಲ, ನೀರಿನಂತೆ ಜಾರಿಹೋಗುತ್ತದೆ. ಇಡೀ ದಿನ ಗುಟುಕು ಗುಟುಕಾಗಿ ಸಿಹಿ ಕುಡಿದರೆ ಆಪರೇಷನ್ ಮಾಡಿಸಿಕೊಂಡದ್ದೂ ವ್ಯರ್ಥ.

ಬೈಪಾಸ್ ಆದವರಿಗೆ ಇನ್ನೂ ಒಂದು ಕಷ್ಟ. ಸಕ್ಕರೆ ನೇರವಾಗಿ ಸಣ್ಣ ಕರುಳಿಗೆ ಬೀಳುತ್ತದೆ. ಕರುಳು ಅದನ್ನು ತಿಳಿಯಾಗಿಸಲು ದೇಹದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹತ್ತರಿಂದ ಮೂವತ್ತು ನಿಮಿಷದೊಳಗೆ ಎದೆ ಡವಗುಟ್ಟುತ್ತದೆ, ಬೆವರುತ್ತದೆ, ಹೊಟ್ಟೆ ಹಿಂಡುತ್ತದೆ, ಭೇದಿಯಾಗುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಇನ್ನು ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ಇನ್ಸುಲಿನ್ ಹೆಚ್ಚಾಗಿ ರಕ್ತದ ಸಕ್ಕರೆ ತೀರಾ ಇಳಿದು ತಲೆ ಸುತ್ತುತ್ತದೆ. ಕಾರು ಓಡಿಸುವಾಗ ಹಾಗಾದರೆ ಏನು ಗತಿ, ಯೋಚಿಸಿ. ಇಲ್ಲಿ ಕೋಕ್ ಮಾತ್ರ ಕೆಟ್ಟದ್ದು, ನಮ್ಮ ಪಾನಕ ಒಳ್ಳೆಯದು ಎಂದೇನೂ ಇಲ್ಲ. ರಾಮನವಮಿಯ ಪಾನಕದ ಬೆಲ್ಲವೂ ಕರುಳಿಗೆ ಸಕ್ಕರೆಯೇ. ಕರುಳಿಗೆ ದೇಶಾಭಿಮಾನ ಇಲ್ಲ.

ಹಾಗಾದರೆ ಡಯೆಟ್ ಸೋಡಾ? ಸಕ್ಕರೆ ಇಲ್ಲ ನಿಜ, ಗ್ಯಾಸ್ ಅಷ್ಟೇ ಇದೆ. ಕೋಲಾಗಳಲ್ಲಿ ಫಾಸ್ಫಾರಿಕ್ ಆಮ್ಲವೂ ಇದೆ, ಕೆಫೀನೂ ಇದೆ. 2006ರಲ್ಲಿ ಇಲ್ಲಿನ ಫ್ರೇಮಿಂಗ್‌ಹ್ಯಾಮ್ ಅಧ್ಯಯನದವರು, ದಿನವೂ ಕೋಲಾ ಕುಡಿಯುವ ಹೆಂಗಸರಲ್ಲಿ ಸೊಂಟದ ಮೂಳೆಯ ಸಾಂದ್ರತೆ ಕಡಿಮೆ ಇರುವುದನ್ನು ಕಂಡರು. ಕೋಲಾವೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೆ ಈ ಆಪರೇಷನ್ ಆದವರ ಮೂಳೆ ಮೊದಲೇ ಸವೆಯುತ್ತದೆ. ಅದಕ್ಕೇ ನಮಗೆ ಕ್ಯಾಲ್ಸಿಯಂ ಸಿಟ್ರೇಟ್, ವಿಟಮಿನ್ ಡಿ, ಬಿ12, ಕಬ್ಬಿಣ ಎಲ್ಲ ಜೀವನಪೂರ್ತಿ. ಸಸ್ಯಾಹಾರಿಗಳಾದ ನಮ್ಮವರು ಬಿ12 ಮಾತ್ರ ಮರೆಯಲೇಬಾರದು.

ನನ್ನ ಆಪರೇಷನ್ ಆದ ಎರಡನೆಯ ವಾರ ಹಾಸನದಿಂದ ಅಮ್ಮ ಫೋನ್ ಮಾಡಿದ್ದಳು. ಹೊಟ್ಟೆ ಉಬ್ಬರ ಎಂದೆ. "ಗ್ಯಾಸ್ ಆಗಿರತ್ತೆ ಕಣೋ, ಒಂದು ಚಮಚ ಈನೋ ಹಾಕ್ಕೊಂಡು ಕುಡಿ, ತೇಗು ಬಂದು ಸರಿಹೋಗತ್ತೆ" ಎಂದಳು. ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದಿಂದ ಬಂದ ಮದ್ದು. "ಅಮ್ಮಾ, ಈನೋ ನೀರಿಗೆ ಹಾಕಿದರೆ ಬುಸ್ ಎನ್ನುವುದೂ ಸೋಡಾದ ಗ್ಯಾಸೇ, ನಾನು ಕುಡಿಯೋ ಹಾಗಿಲ್ಲ" ಎಂದೆ. ಒಂದು ಕ್ಷಣ ಸುಮ್ಮನಿದ್ದು, "ಹೌದಲ್ವಾ, ರವೆ ಇಡ್ಲಿ ಉಬ್ಬಲಿ ಅಂತ ನಾನು ಹಾಕೋದೂ ಅದನ್ನೇ. ನಿನ್ನ ಹೊಟ್ಟೆ ಉಬ್ಬಿಸೋದು ಬೇಡಪ್ಪ" ಎಂದಳು. ನನ್ನ ಡಯಟೀಷಿಯನ್ ಅರ್ಧ ಗಂಟೆ ವಿವರಿಸಿದ್ದನ್ನು ಅಮ್ಮ ಒಂದು ಇಡ್ಲಿಯಲ್ಲಿ ಮುಗಿಸಿದಳು.

ಆದರೆ ಈ "ಗ್ಯಾಸ್ ಆಗಿರತ್ತೆ" ಎಂಬ ಮಾತಿನ ಬಗ್ಗೆ ಗಂಭೀರವಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಆಪರೇಷನ್ ಆದ ಮೊದಲ ವಾರಗಳಲ್ಲಿ ಹೊಟ್ಟೆನೋವು ಹೆಚ್ಚಾಗಿ, ಜ್ವರ ಬಂದು, ಕುಳಿತಲ್ಲೇ ಎದೆಬಡಿತ ಜೋರಾದರೆ ಅದು ಹೊಲಿಗೆಯ ಜಾಗ ಸೋರುತ್ತಿರುವ ಲಕ್ಷಣ ಇರಬಹುದು. ಅದಕ್ಕೆ ಓಮದ ನೀರು, ಈನೋ, ನಿಂಬೆ ಸೋಡಾ ಯಾವುದೂ ಮದ್ದಲ್ಲ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ ಒಂದು ದಿನ ಪೂರ್ತಿ ನೀರೂ ನಿಲ್ಲದೆ ವಾಂತಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಸರ್ಜನ್ನಿಗೆ ಫೋನ್ ಮಾಡಿ. ವಾಂತಿ ಹಲವು ದಿನ ಮುಂದುವರಿದರೆ ದೇಹದಲ್ಲಿ ವಿಟಮಿನ್ ಬಿ1 ಖಾಲಿಯಾಗಿ ಮಿದುಳು, ನರಗಳಿಗೇ ಹಾನಿಯಾಗುತ್ತದೆ. ಮತ್ತೊಂದು ಮಾತು, ತಲೆನೋವಿಗೆ ಐಬುಪ್ರೊಫೆನ್ ನುಂಗುವ ಅಭ್ಯಾಸ ಬಿಡಬೇಕು. ಅದು ಹೊಲಿಗೆಯ ಜಾಗದಲ್ಲಿ ಹುಣ್ಣು ಮಾಡುತ್ತದೆ.

ಸೋಡಾ ಬೇಡ ಎಂದರೆ ಏನು ಕುಡಿಯಬೇಕು? ಮೊದಲನೆಯದಾಗಿ ನೀರು. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ದ್ರವ ಬೇಕು. ಕೇಳಲು ಸುಲಭ. ಶುರುವಿನಲ್ಲಿ ನನಗೆ ಕೊಟ್ಟದ್ದು ಕೆಮ್ಮಿನ ಔಷಧಿಯ ಜೊತೆ ಬರುವಂಥ 30 ಮಿಲಿಲೀಟರಿನ ಪುಟ್ಟ ಕಪ್ಪು. ಕಾಲು ಗಂಟೆಗೆ ಒಂದು ಕಪ್ಪು. ಗಂಟೆಗೆ 120 ಮಿಲಿಲೀಟರ್, ಹಾಗಾದರೆ ಒಂದೂವರೆ ಲೀಟರಿಗೆ ಹನ್ನೆರಡೂವರೆ ಗಂಟೆ! ಅಂದರೆ ನೀರು ಕುಡಿಯುವುದೇ ಒಂದು ಫುಲ್ ಟೈಮ್ ಕೆಲಸ, ಜೊತೆಗೆ ಓವರ್‌ಟೈಮ್. ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರುವ ಮುಖ್ಯ ಕಾರಣಗಳಲ್ಲಿ ವಾಂತಿ ಮತ್ತು ನೀರಿನಂಶದ ಕೊರತೆ ಸೇರಿವೆ. ಊಟದ ಜೊತೆ ಕುಡಿಯುವಂತಿಲ್ಲ, ಊಟವಾದ ಅರ್ಧ ಗಂಟೆಯ ನಂತರವೇ. ಊಟದ ಮಧ್ಯೆ ನಾಲ್ಕು ಸಲ ಲೋಟ ಎತ್ತುವ ನಮಗೆ ಇದು ಕಷ್ಟ, ಆದರೆ ಒಂದು ತಿಂಗಳಲ್ಲಿ ಕೈ ಕಲಿಯುತ್ತದೆ.

ಈ ವಿಷಯದಲ್ಲಿ ನಾವು ಕನ್ನಡಿಗರು ಪುಣ್ಯವಂತರು. ಇಲ್ಲಿಯವರು ನೀರು ಬೇಜಾರಾದರೆ ಏನು ಕುಡಿಯಬೇಕೆಂದು ಅಂಗಡಿಯಲ್ಲಿ ಹುಡುಕುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಆಗಲೇ ಇದೆ. ಕೆನೆ ತೆಗೆದ ಮೊಸರಿನ ನೀರುಮಜ್ಜಿಗೆ, ಚಿಟಿಕೆ ಇಂಗು, ಉಪ್ಪು. ಖಾರ ಕಡಿಮೆ ಮಾಡಿ ಸೋಸಿದ ತಿಳಿಸಾರು. ಬೇಳೆ ಬೇಯಿಸಿದ ಕಟ್ಟು. ಸಕ್ಕರೆ ಹಾಕದ ಜೀರಿಗೆ ಕಷಾಯ. ಗಟ್ಟಿ ಆಹಾರ ಶುರುವಾಗುವ ಮುಂಚೆ ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನು ಬೇಕು ಎಂದಾಗ, ಪ್ರೋಟೀನ್ ಪುಡಿಯನ್ನು ಮಜ್ಜಿಗೆಗೆ, ಸಾರಿಗೆ ಕದಡಿ ಕುಡಿದೆ. ರುಚಿಯ ಬಗ್ಗೆ ಕೇಳಬೇಡಿ. ಎಳನೀರಿನಲ್ಲೂ ಸಕ್ಕರೆ ಇದೆ, ಸ್ವಲ್ಪ ಸಾಕು. ಇವೆಲ್ಲ ಯಾವ ವಾರದಿಂದ ಎಂಬುದನ್ನು ಡಯಟೀಷಿಯನ್ನರ ಹತ್ತಿರ ಕೇಳಿ. ಅವರಿಗೆ ಸಾರು ಎಂದರೆ ಗೊತ್ತಾಗದಿದ್ದರೆ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ನಾನು ಹಾಗೇ ಮಾಡಿದೆ, ಅವರು ಈಗ ರೆಸಿಪಿ ಕೇಳಿದ್ದಾರೆ.

ಗುಳ್ಳೆಯ ಪಾನೀಯ ಎಂದಾಗ ಬಿಯರ್, ಶಾಂಪೇನ್, ವಿಸ್ಕಿ ಸೋಡಾಗಳನ್ನೂ ಹೇಳಬೇಕು. ಸಭೆಯಲ್ಲಿ ಯಾರೂ ಕುಡಿಯುವುದಿಲ್ಲವೆಂದು ನನಗೆ ಗೊತ್ತು, ಆದರೂ ಹೇಳುತ್ತೇನೆ. ಬೈಪಾಸ್ ಆದವರಿಗೆ ಮದ್ಯ ಬೇಗ ಏರುತ್ತದೆ, ಹೆಚ್ಚು ಏರುತ್ತದೆ. 2012ರಲ್ಲಿ ಅಮೆರಿಕದ ಹತ್ತು ಆಸ್ಪತ್ರೆಗಳ ಸುಮಾರು ಎರಡು ಸಾವಿರ ರೋಗಿಗಳ ಅಧ್ಯಯನ ಪ್ರಕಟವಾಯಿತು. ಮದ್ಯದ ಚಟದ ತೊಂದರೆ ಇದ್ದವರು ಆಪರೇಷನ್ನಿಗೆ ಮುಂಚಿನ ವರ್ಷ ನೂರಕ್ಕೆ 7.6 ಇದ್ದರೆ, ಎರಡನೆಯ ವರ್ಷದಲ್ಲಿ 9.6 ಆಗಿದ್ದರು. "ಒಂದೇ ಪೆಗ್ ಗುರೂ" ಎಂದು ಬಲವಂತ ಮಾಡುವ ಸ್ನೇಹಿತರು ಇದನ್ನು ನೆನಪಿಡಬೇಕು.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಆಪರೇಷನ್ ವಿಷಯವನ್ನು ನಾನು ಮೊದಲು ಇಬ್ಬರು ಸ್ನೇಹಿತರಿಗೆ ಮಾತ್ರ ಹೇಳಿದ್ದೆ. ಅದು ಹೇಗೋ ಹರಡಿ, ಒಂದು ವರ್ಷದಲ್ಲಿ ನನಗೆ ನಾಲ್ಕು ಫೋನ್ ಬಂದವು. ನಾಲ್ವರೂ ಕನ್ನಡಿಗರು, ನಾಲ್ವರೂ ಇದೇ ಆಪರೇಷನ್ ಆದವರು. ನಾಲ್ವರೂ "ದಯವಿಟ್ಟು ಯಾರಿಗೂ ಹೇಳಬೇಡಿ" ಎಂದರು. ಅವರು ಇದೇ ಸಭಾಂಗಣದಲ್ಲಿ ನಮ್ಮ ಜೊತೆ ಕುಳಿತು ಊಟ ಮಾಡುತ್ತಾರೆ, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲ. ಅವರಲ್ಲಿ ಒಬ್ಬ ತಂಗಿ, ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಊರಿನಿಂದ ಬಂದಿದ್ದ ಅತ್ತೆಗೆ ಗೊತ್ತಾಗಬಾರದೆಂದು ಎಲ್ಲರ ಜೊತೆ ಎಲ್ಲರಂತೆ ಊಟಕ್ಕೆ ಕೂರುತ್ತಿದ್ದಳು. ಆ ಪುಟ್ಟ ಕಪ್ಪು ಹಿಡಿದು ಗುಟುಕು ಹಾಕುತ್ತಿದ್ದರೆ ಪ್ರಶ್ನೆ ಬರುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಒಂದು ನಾಮಕರಣದಲ್ಲಿ ಯಾರೋ ಕೈಗಿಟ್ಟ ಸೋಡಾವನ್ನು ಬೇಡವೆನ್ನಲಾಗದೆ ಕುಡಿದಳು. ರಾತ್ರಿಯೆಲ್ಲ ವಾಂತಿ. ಬೆಳಿಗ್ಗೆ ತಲೆ ಸುತ್ತಿ ಬಿದ್ದಳು, ಮೂರು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ವಿಷಯ ತಿಳಿದ ಆ ಅತ್ತೆ ಏನೆಂದರು ಗೊತ್ತೇ? "ನನಗೆ ಮೊದಲೇ ಹೇಳಿದ್ದರೆ ದಿನಾ ತಿಳಿಸಾರು ಮಾಡಿಕೊಡ್ತಿರಲಿಲ್ವಾ?" ಎಂದರಂತೆ.

ಅವಳನ್ನು ಆಸ್ಪತ್ರೆಗೆ ಕಳಿಸಿದ್ದು ಒಂದು ಕ್ಯಾನು ಸೋಡಾ ಮಾತ್ರವಲ್ಲ, ನಾಚಿಕೆ. "ಬಾಯಿ ಕಟ್ಟಲಾಗದೆ ಹೊಟ್ಟೆ ಕೊಯ್ಸಿಕೊಂಡ" ಎಂದು ಜನ ಆಡಿಕೊಳ್ಳುತ್ತಾರೆ ಎಂಬ ಭಯ. ಹೃದಯದ ಬೈಪಾಸ್ ಆದವರನ್ನು ನಾವು ಹಣ್ಣು ಹಿಡಿದುಕೊಂಡು ನೋಡಲು ಹೋಗುತ್ತೇವೆ. ಹೊಟ್ಟೆಯ ಬೈಪಾಸ್ ಆದವರು ಬಚ್ಚಿಟ್ಟುಕೊಳ್ಳಬೇಕೇ? ಎರಡೂ ಕಾಯಿಲೆಗೆ ಮಾಡಿದ ಚಿಕಿತ್ಸೆಯೇ. ಅದಕ್ಕೇ ನಾನು ಇವತ್ತು ಹೆಸರು ಹೇಳಿಕೊಂಡು ಇಲ್ಲಿ ನಿಂತದ್ದು. ಐದು ಜನರಲ್ಲಿ ಒಬ್ಬನಾದರೂ ಬಾಯಿ ಬಿಟ್ಟರೆ ಉಳಿದವರಿಗೆ ಫೋನ್ ಮಾಡಲು ಒಂದು ನಂಬರಾದರೂ ಇರುತ್ತದೆ.

ನನ್ನ ಕೋರಿಕೆ ಮೂರು. ಒಂದು, ಊಟ ಬಡಿಸುವ ಅಕ್ಕಂದಿರಿಗೆ. ನಿಮ್ಮ ಪ್ರೀತಿ ನನಗೆ ಗೊತ್ತು. "ಇನ್ನೊಂದು ಹೋಳಿಗೆ, ಚಿಕ್ಕದು" ಎನ್ನುವುದರಲ್ಲಿ ಇರುವುದು ಪ್ರೀತಿಯೇ. ಆದರೆ ಒಮ್ಮೆ ಬೇಡ ಎಂದವರನ್ನು ಎರಡನೆಯ ಸಲ ಕೇಳಬೇಡಿ, ಯಾಕೆ ಎಂದೂ ಕೇಳಬೇಡಿ. ಎರಡು, ಆಪರೇಷನ್ ಆದವರಿಗೆ. ಊರಿಗೆಲ್ಲ ಸಾರಬೇಕಾಗಿಲ್ಲ, ಮನೆಯಲ್ಲಿ ಅಡುಗೆ ಮಾಡುವ ಒಬ್ಬರಿಗಾದರೂ ಹೇಳಿ. ಮೂರು, ನಮ್ಮ ಬಳಗದ ಸಮಿತಿಗೆ. ಈ ಸಂಸ್ಥೆ ಊರಿನ ಬಡ ರೋಗಿಗಳ ಚಿಕಿತ್ಸೆಗೆಂದು ಹಣ ಕೂಡಿಸುತ್ತದೆ. ಅಂಥ ಊಟದ ಬಾಗಿಲಲ್ಲಿ ಮೊದಲು ಕಾಣುವುದು ಸಕ್ಕರೆ ನೀರಿನ ಪೆಟ್ಟಿಗೆಯಾಗುವುದು ಬೇಡ. ಸೋಡಾ ಪೂರ್ತಿ ನಿಲ್ಲಿಸಿ ಎನ್ನುವುದಿಲ್ಲ, ಮಕ್ಕಳು ನನ್ನನ್ನು ಬಿಡುವುದಿಲ್ಲ. ಪಕ್ಕದಲ್ಲಿ ಒಂದು ಮೇಜು ಇಡಿ. ಒಂದು ಪಾತ್ರೆ ನೀರುಮಜ್ಜಿಗೆ, ಒಂದು ಫ್ಲಾಸ್ಕ್ ತಿಳಿಸಾರು, ಒಂದು ಹೂಜಿ ನೀರು, ಚಿಕ್ಕ ಚಿಕ್ಕ ಲೋಟ. ಆ ಮೇಜಿನ ಹತ್ತಿರ ಹೋದವರು ಆಪರೇಷನ್ ಆದವರೋ, ಶುಗರ್ ಇರುವವರೋ, ಸುಮ್ಮನೆ ಮಜ್ಜಿಗೆ ಇಷ್ಟಪಡುವವರೋ ಯಾರಿಗೂ ಗೊತ್ತಾಗುವುದಿಲ್ಲ. ಯಾರೂ ಏನನ್ನೂ ವಿವರಿಸಬೇಕಾಗಿಲ್ಲ.

ಮುಂದಿನ ಒಂದು ವರ್ಷದ ಎಲ್ಲ ಕಾರ್ಯಕ್ರಮಗಳಿಗೆ ಆ ಮೇಜಿನ ಖರ್ಚು ನನ್ನದು ಮತ್ತು ನನ್ನ ಹೆಂಡತಿಯದು. ಮಜ್ಜಿಗೆ ಕಡೆಯುವುದೂ ನಾವೇ. ಅದರಿಂದ ಸೋಡಾದ ಖರ್ಚಿನಲ್ಲಿ ಉಳಿದದ್ದನ್ನು ಚಿಕಿತ್ಸಾ ನಿಧಿಗೆ ಸೇರಿಸಬೇಕೆಂದು ಖಜಾಂಚಿಯವರನ್ನು ಕೇಳಿಕೊಂಡಿದ್ದೇನೆ, ಅವರು ತಲೆಯಾಡಿಸಿದ್ದಾರೆ. ಸಭೆಯ ಮುಂದೆ ಹೇಳಿಬಿಟ್ಟಿದ್ದೇನೆ, ಇನ್ನು ಅವರು ಹಿಂದೆ ಸರಿಯುವಂತಿಲ್ಲ.

ಪ್ರಶ್ನೆ ಇದ್ದವರು ಇಲ್ಲೇ ಕೇಳಬಹುದು. ಇಲ್ಲಿ ಕೇಳಲು ಸಂಕೋಚವಾದರೆ ನನ್ನ ಫೋನ್ ನಂಬರ್ ಸಮಿತಿಯವರ ಹತ್ತಿರ ಇದೆ, ಎಷ್ಟು ಹೊತ್ತಿಗಾದರೂ ಮಾಡಿ.